ತಿದಿಯ ಮೇಲೆ ಕೂತ ವಿಮಾನ: 1934ರ ಅಂಚೆ ಪ್ರಕರಣ ಮತ್ತು ಲಿಂಕ್ ಟ್ರೈನರ್

1934ರ ಫೆಬ್ರವರಿ 9ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ವಿಮಾನ ಕಂಪನಿಗಳಿಗೆ ಕೊಟ್ಟಿದ್ದ ಅಂಚೆ ಗುತ್ತಿಗೆಗಳನ್ನೆಲ್ಲ ಒಂದೇ ಆದೇಶದಲ್ಲಿ ರದ್ದು ಮಾಡಿದರು. ಗುತ್ತಿಗೆ ಹಂಚುವಾಗ ಒಳಒಪ್ಪಂದ ನಡೆದಿದೆ ಎಂಬುದು ಆರೋಪ. ಅಂಚೆ ಚೀಲ ಸಾಗಿಸುವ ಹೊಣೆ ಸೇನೆಯ ವಾಯುದಳದ ಹೆಗಲಿಗೆ ಬಿತ್ತು. ದಳದ ಮುಖ್ಯಸ್ಥ ಮೇಜರ್ ಜನರಲ್ ಬೆಂಜಮಿನ್ ಫುಲೋಯ್ ಆಗಲಿ ಎಂದು ಒಪ್ಪಿಕೊಂಡರು. ತಯಾರಿಗೆ ಸಿಕ್ಕಿದ್ದು ಹತ್ತು ದಿನ. ಫೆಬ್ರವರಿ 19ಕ್ಕೆ ಹಾರಾಟ ಶುರುವಾಗಬೇಕಿತ್ತು, ಅದೂ ಹಿಮ ಸುರಿಯುವ ಕಾಲದಲ್ಲಿ, ಬಹುಪಾಲು ರಾತ್ರಿಯಲ್ಲಿ. ನೆಲದ ಮೇಲೆ ಕೂತೇ ಹಾರಾಟ ಕಲಿಸುವ ಲಿಂಕ್ ಟ್ರೈನರ್ ಎಂಬ ಯಂತ್ರ ಸೇನೆಗೆ ಬಂದದ್ದು ಈ ಪ್ರಕರಣದ ಬೆನ್ನಿಗೇ.

ಶುರುವಾಗುವ ಮೂರು ದಿನ ಮೊದಲೇ, ಫೆಬ್ರವರಿ 16ರಂದು, ಹೊಸ ಮಾರ್ಗಗಳ ಪರಿಚಯಕ್ಕೆಂದು ಹೊರಟಿದ್ದ ಮೂವರು ಪೈಲಟ್‌ಗಳು ಯೂಟಾ ಮತ್ತು ಐಡಾಹೋ ರಾಜ್ಯಗಳಲ್ಲಿ ಸತ್ತರು. ಮಾರ್ಚ್ 10ರಂದು ಹಾರಾಟವನ್ನು ನಿಲ್ಲಿಸಿ, 19ರಂದು ಮತ್ತೆ ಆರಂಭಿಸಿದರು. ಜೂನ್ 1ಕ್ಕೆ ಸೇನೆಯ ಪಾಲು ಮುಗಿಯಿತು. ಒಟ್ಟು 66 ದೊಡ್ಡ ಅಪಘಾತಗಳು, 13 ಸಾವು. ಈ 13ರಲ್ಲಿ ಅಂಚೆ ಹೊತ್ತ ವಿಮಾನದಲ್ಲಿ ಸತ್ತವರು ಐವರು ಮಾತ್ರ. ಉಳಿದವರು ಅಭ್ಯಾಸದಲ್ಲಿ, ವಿಮಾನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವಾಗ ಸತ್ತವರು. ಪತ್ರಿಕೆಗಳಿಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಪ್ರಕರಣ ಅರ್ಥವಾಗಬೇಕಾದರೆ ಅದು ಬೇಕು: ತೊಡಕು ಇದ್ದದ್ದು ಅಂಚೆಯಲ್ಲಲ್ಲ, ಆ ಹವೆಯಲ್ಲಿ ಹಾರುವುದರಲ್ಲೇ.

ಈ ಕೆಲಸಕ್ಕೆ ಬಳಸಿದ 262 ಪೈಲಟ್‌ಗಳಲ್ಲಿ 140 ಮಂದಿ ಎರಡು ವರ್ಷವೂ ಹಾರಿರದ ಮೀಸಲು ಪಡೆಯ ಕಿರಿಯರು. 50 ಗಂಟೆಗೂ ಮೇಲ್ಪಟ್ಟು ರಾತ್ರಿ ಹಾರಾಟ ಮಾಡಿದ್ದವರು 31. ಹೊರಗೆ ನೋಡದೆ ಬರೀ ಮೀಟರ್ ನೋಡಿಕೊಂಡು 50 ಗಂಟೆ ಹಾರಿದ್ದವರು ಇಬ್ಬರೇ.

ಸಾಮಗ್ರಿ ಇರಲಿಲ್ಲ ಎನ್ನುವಂತಿಲ್ಲ. ಸೇನೆಯ ಪೈಲಟ್ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್‌ಗೆ ಮುಸುಕು ಹಾಕಿಕೊಂಡು ಮೇಲೇರಿ, ಸುತ್ತಿ ಬಂದು, ಇಳಿದು ತೋರಿಸಿದ್ದು 1929ರ ಸೆಪ್ಟೆಂಬರ್ 24ರಂದು, ಅಂದರೆ ನಾಲ್ಕೂವರೆ ವರ್ಷ ಮೊದಲು. ಅದಕ್ಕೆ ಬೇಕಾದ ಕೃತಕ ದಿಗಂತ, ಅಂದರೆ ವಿಮಾನ ಎಷ್ಟು ವಾಲಿದೆ ಎಂದು ತೋರುವ ಮೀಟರ್, ವಾಯುದಳದ ಉಗ್ರಾಣದಲ್ಲಿ 460 ಇದ್ದವು, ದಿಕ್ಕು ತೋರುವ ಗೈರೋ 274. ವಿಮಾನಕ್ಕೆ ಕೂರಿಸಿದ್ದು ಮಾತ್ರ ಬೆರಳೆಣಿಕೆಯಷ್ಟು. ಹತ್ತು ದಿನದ ಗಡಿಬಿಡಿಯಲ್ಲಿ ಅವನ್ನು ಎಲ್ಲಿ ಜಾಗ ಇತ್ತೋ ಅಲ್ಲಿ ಸಿಕ್ಕಿಸಿದರು. ಅಷ್ಟರ ಮೇಲೂ, ಮೀಟರ್ ಇದ್ದರಾಯಿತೇ? ಕಿವಿ ಒಂದು ಹೇಳುವಾಗ ಕಣ್ಣೆದುರಿನ ಮುಳ್ಳು ಇನ್ನೊಂದು ಹೇಳಿದರೆ, ಅಭ್ಯಾಸ ಇಲ್ಲದವನು ಕಿವಿಯನ್ನೇ ನಂಬುತ್ತಾನೆ.

ಕಿವಿ ಹೇಳುವ ಸುಳ್ಳು

ಒಳಗಿವಿಯಲ್ಲಿ ಅರ್ಧವೃತ್ತದ ಮೂರು ನಾಳಗಳಿವೆ, ಒಳಗೆ ದ್ರವ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಹಿಂದೆ ಉಳಿಯುತ್ತದೆ. ಆ ಅಂತರವೇ ನಮಗೆ ‘ತಿರುಗುತ್ತಿದ್ದೇನೆ’ ಎಂಬ ಅರಿವು. ಅದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡು ತಿರುಗುತ್ತಲೇ ಇದ್ದರೆ ದ್ರವವೂ ನಾಳದ ಜೊತೆಗೆ ಸಾಗಿಬಿಡುತ್ತದೆ, ತಿರುಗುವ ಅನುಭವ ನಿಂತುಹೋಗುತ್ತದೆ. ಈಗ ತಿರುವು ನಿಲ್ಲಿಸಿ ನೋಡಿ: ನಾಳ ನಿಂತಿತು, ದ್ರವ ಓಡುತ್ತಲೇ ಇದೆ. ಎದುರು ದಿಕ್ಕಿಗೆ ತಿರುಗುತ್ತಿದ್ದೇನೆ ಎಂದು ದೇಹ ಆಣೆಯಿಟ್ಟು ಹೇಳುತ್ತದೆ.

ಮೋಡದೊಳಗೆ ಇದು ಹೀಗೆ ಕೊಲ್ಲುತ್ತದೆ. ಒಂದು ರೆಕ್ಕೆ ನಿಧಾನವಾಗಿ ವಾಲುತ್ತದೆ. ಸೆಕೆಂಡಿಗೆ ಒಂದೆರಡು ಡಿಗ್ರಿಗಿಂತ ನಿಧಾನವಾದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ವಾಲಿದ ವಿಮಾನ ತಿರುಗತೊಡಗುತ್ತದೆ, ಮೂತಿ ಇಳಿಯುತ್ತದೆ, ವೇಗ ಏರುತ್ತದೆ. ಪೈಲಟ್‌ಗೆ ಗೊತ್ತಾಗುವುದು ‘ಕೆಳಗೆ ಹೋಗುತ್ತಿದ್ದೇನೆ’ ಎಂಬುದಷ್ಟೇ. ಮೂತಿ ಎತ್ತಲು ಸ್ಟಿಕ್, ಅಂದರೆ ವಿಮಾನ ನಡೆಸುವ ಹಿಡಿಕೆಯನ್ನು, ಹಿಂದಕ್ಕೆ ಎಳೆಯುತ್ತಾನೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ತಿರುವು ಇನ್ನಷ್ಟು ಬಿಗಿಯಾಗುತ್ತದೆ, ಎತ್ತರ ಇನ್ನಷ್ಟು ಕರಗುತ್ತದೆ. ಮುಂದೆ 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಮೀಟರ್ ಹಾರಾಟ ಗೊತ್ತಿಲ್ಲದ 20 ಮಂದಿಯನ್ನು ಹೊರಗಿನ ನೋಟ ಮುಚ್ಚಿ ಪರೀಕ್ಷಿಸಿದರು. 20 ಮಂದಿಯೂ ಹಿಡಿತ ತಪ್ಪಿದರು. ಸರಾಸರಿ ಅವಧಿ 178 ಸೆಕೆಂಡು. ಮೂರು ನಿಮಿಷವೂ ಇಲ್ಲ.

ಸೇನೆಯೊಳಗೇ ಇದನ್ನು ಮೊದಲೇ ಕಂಡುಕೊಂಡವರಿದ್ದರು. ವಿಲಿಯಂ ಆಕರ್ 1926ರಲ್ಲಿ ವೈದ್ಯರ ತಿರುಗುವ ಕುರ್ಚಿಯ ಮೇಲೆ, ಮುಚ್ಚಿದ ಪೆಟ್ಟಿಗೆಯಲ್ಲಿ ತಿರುವು ತೋರಿಸುವ ಮೀಟರ್ (ಟರ್ನ್ ಇಂಡಿಕೇಟರ್) ಇಟ್ಟುಕೊಂಡು, ಕಿವಿ ಸೋತಲ್ಲಿ ಮುಳ್ಳು ಗೆಲ್ಲುತ್ತದೆ ಎಂದು ತೋರಿಸಿಕೊಟ್ಟಿದ್ದರು. ಆ ಅರಿವು ತರಬೇತಿಯ ದಿನಚರಿಗೆ ಇಳಿದಿರಲಿಲ್ಲ, ಅಷ್ಟೆ.

ಗಿರಾಕಿ ಇಲ್ಲದ ಐದು ವರ್ಷ

ಎಡ್ವಿನ್ ಲಿಂಕ್ ನ್ಯೂಯಾರ್ಕ್ ರಾಜ್ಯದ ಬಿಂಗಮ್‌ಟನ್ ಊರಿನವರು. ತಂದೆಯದು ಪಿಯಾನೋ ಮತ್ತು ಆರ್ಗನ್ ಕಾರ್ಖಾನೆ. ಮೂಕಿ ಸಿನಿಮಾ ಥಿಯೇಟರ್‌ಗಳಿಗೆ ಬೇಕಾದ ಆರ್ಗನ್, ತೂತು ಹೊಡೆದ ಕಾಗದದ ಸುರುಳಿಯಿಂದ ತಾನೇ ನುಡಿಯುವ ಪಿಯಾನೋ ಅಲ್ಲಿ ತಯಾರಾಗುತ್ತಿದ್ದವು. ಹಾರಾಟ ಕಲಿಯುವುದು ದುಬಾರಿ ಎಂದು ಕಂಡ ಲಿಂಕ್, 1927ರಿಂದ 1929ರವರೆಗೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಅಲ್ಲೇ ಕೈಗೆ ಸಿಗುವ ತಿದಿ, ಕವಾಟ, ಪಂಪುಗಳಿಂದ ನೆಲದ ಮೇಲಿನ ವಿಮಾನವೊಂದನ್ನು ಕಟ್ಟಿದರು. 1929ರ ಏಪ್ರಿಲ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1931ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. ಪೇಟೆಂಟ್‌ನ ಶೀರ್ಷಿಕೆಯಲ್ಲೇ ಎರಡು ದೋಣಿಗೆ ಕಾಲಿಟ್ಟಿದ್ದು ಕಾಣುತ್ತದೆ: ಅದು ಕಲಿಕೆಯ ವಿಮಾನ ಚಾಲಕರಿಗೂ ಆಯಿತು, ಮನರಂಜನೆಗೂ ಆಯಿತು.

ಕೊಂಡವರು ಹೆಚ್ಚಾಗಿ ಮನರಂಜನಾ ಪಾರ್ಕುಗಳವರು. ನಾಣ್ಯ ಹಾಕಿ ಕೂತು ಅಲ್ಲಾಡಿ ಇಳಿಯುವ ಆಟ. ವಿಮಾನ ಶಾಲೆಗಳವರು ಮೂಗು ಮುರಿದದ್ದನ್ನು ದಡ್ಡತನ ಎಂದು ಬರೆಯುವವರೇ ಹೆಚ್ಚು. ಅವರ ತೀರ್ಪು ಅಷ್ಟೇನೂ ತಪ್ಪಾಗಿರಲಿಲ್ಲ. ಮೊದಲ ಮಾದರಿಯಲ್ಲಿ ಮೀಟರ್‌ಗಳಿರಲಿಲ್ಲ. ಅದು ಕಲಿಸುತ್ತಿದ್ದುದು ಸ್ಟಿಕ್ ಒತ್ತಿದರೆ ಯಾವ ಕಡೆ ವಾಲುತ್ತದೆ ಎಂಬುದನ್ನು. ಬಿಸಿಲಿನ ದಿನ ನಿಜವಾದ ವಿಮಾನದಲ್ಲಿ ಕೂತವನಿಗೆ ಅದು ಬೇಗನೆ ಬರುತ್ತದೆ.

ಲಿಂಕ್ ಸ್ವತಃ ರಾತ್ರಿ ಹಾರಾಟಕ್ಕೆ ಇಳಿದದ್ದು ಹೊಟ್ಟೆಪಾಡಿಗೆ. ರೆಕ್ಕೆಯ ಕೆಳಗೆ ದೀಪಗಳ ಫಲಕ ಕಟ್ಟಿ, ಪಿಯಾನೋ ಸುರುಳಿಯ ತಂತ್ರದಲ್ಲೇ ಅಕ್ಷರ ಬೆಳಗಿಸಿ, ಊರ ಮೇಲೆ ಜಾಹೀರಾತು ಹಾರಿಸುತ್ತಿದ್ದರು. ಕತ್ತಲಲ್ಲಿ ಮೀಟರ್ ನಂಬದೆ ಗತಿಯಿಲ್ಲ. ಅಲ್ಲಿಂದ ಮುಂದೆ ಅದೇ ಪೆಟ್ಟಿಗೆಗೆ ಮೀಟರ್ ಬಂದವು, ಮೇಲೆ ಮುಚ್ಚಳ ಬಂತು. ಯಂತ್ರದ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಅದರಲ್ಲಿ ಕಲಿಸುವ ಪಾಠ ಪೂರ್ತಿ ಬದಲಾಯಿತು.

ಪೆಟ್ಟಿಗೆಯ ಒಳಗು

ಕಂಪನಿ ನಾಟಕದ ಕಾಲ್ತಿದಿಯ ಹಾರ್ಮೋನಿಯಂ ನೋಡಿದವರಿಗೆ ಈ ಯಂತ್ರದ ಅರ್ಧ ಗೊತ್ತಿದ್ದಂತೆಯೇ. ಒಂದೇ ವ್ಯತ್ಯಾಸ: ನಮ್ಮ ಹಾರ್ಮೋನಿಯಂನ ತಿದಿ ಗಾಳಿಯನ್ನು ಒತ್ತುತ್ತದೆ, ಲಿಂಕ್‌ನ ತಿದಿಯಿಂದ ಪಂಪು ಗಾಳಿಯನ್ನು ಹೀರುತ್ತದೆ.

ಮರದ ಪುಟ್ಟ ವಿಮಾನದೊಡಲು. ಅದರ ಕೆಳಗೆ ಎಲ್ಲ ಕಡೆಗೂ ವಾಲಬಲ್ಲ ಒಂದು ಕೀಲು. ಕೀಲಿನ ಸುತ್ತ ರಬ್ಬರ್ ಬಟ್ಟೆಯ ನಾಲ್ಕು ತಿದಿ: ಮುಂದೊಂದು, ಹಿಂದೊಂದು, ಎಡ ಬಲಕ್ಕೆ ಒಂದೊಂದು. ವಿದ್ಯುತ್ ಮೋಟಾರಿನ ಪಂಪು ಸದಾ ಗಾಳಿ ಹೀರುತ್ತಿರುತ್ತದೆ. ಸ್ಟಿಕ್ ನಡುವಿದ್ದಾಗ ಎಡಬಲದ ತಿದಿಗಳಲ್ಲಿ ಹೀರಿಕೆ ಸಮ. ಸ್ಟಿಕ್ ಬಲಕ್ಕೆ ಹೋದರೆ ಕವಾಟ ಬಲ ತಿದಿಯನ್ನು ಪಂಪಿಗೆ ಜೋಡಿಸುತ್ತದೆ, ಎಡ ತಿದಿಗೆ ಹೊರಗಾಳಿ ಬಿಡುತ್ತದೆ. ಬಲದ್ದು ಕುಗ್ಗಿತು, ಎಡದ್ದು ಉಬ್ಬಿತು, ಒಡಲು ಬಲಕ್ಕೆ ವಾಲಿತು. ಮೂತಿ ಏರಿಳಿಯುವುದಕ್ಕೂ ಇದೇ ಲೆಕ್ಕ, ಮುಂದಿನ ಹಿಂದಿನ ಜೋಡಿಯಲ್ಲಿ. ಬಟ್ಟೆಯ ಚೀಲ ಆಳನ್ನು ಹೊರುತ್ತದೆಯೇ ಎಂದು ಅನುಮಾನ ಬಂದರೆ ಹೀಗೆ ಗುಣಿಸಿ ನೋಡಬಹುದು: ಚದರ ಸೆಂಟಿಮೀಟರಿಗೆ 0.1 ಕೆ.ಜಿ. ಒತ್ತಡದ ವ್ಯತ್ಯಾಸ ಸಿಕ್ಕರೂ 500 ಚದರ ಸೆಂಟಿಮೀಟರ್ ಮುಖದ ತಿದಿ 50 ಕೆ.ಜಿ. ಬಲದಲ್ಲಿ ಎಳೆಯುತ್ತದೆ.

ಸುತ್ತ ತಿರುಗಿಸುವುದು ಬೇರೆಯೇ ಮೋಟಾರು, ತಾನೇ ನುಡಿಯುವ ಪಿಯಾನೋದಲ್ಲಿ ಕಾಗದ ಸುರುಳಿ ಎಳೆಯುತ್ತಿದ್ದಂಥದ್ದು. ಐದೈದರ ಎರಡು ಸಾಲು, ಒಟ್ಟು ಹತ್ತು ಪುಟ್ಟ ತಿದಿ. ಅವು ಸರದಿಯಲ್ಲಿ ಕುಗ್ಗಿ ಒಂದು ಕ್ರ್ಯಾಂಕನ್ನು ತಿರುಗಿಸುತ್ತವೆ, ಕ್ರ್ಯಾಂಕಿನಿಂದ ಬೆಲ್ಟು, ಬೆಲ್ಟಿನಿಂದ ಇಡೀ ಪೆಟ್ಟಿಗೆ. ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್ ಒತ್ತಿದ ಕಡೆಗೆ ತಿರುಗು. ವಾಲಿದರೂ ತಿರುಗಬೇಕಲ್ಲ? ಅದಕ್ಕೆ ವಾಲಿಕೆಗೂ ತಿರುವಿಗೂ ನಡುವೆ ಜೋಡಣೆ ಇತ್ತು. 360 ಡಿಗ್ರಿ ಎಷ್ಟು ಸುತ್ತು ಬೇಕಾದರೂ ಹೋಗಲಿ, ವೈರು ತಿರುಚಿಕೊಳ್ಳದಂತೆ ಬುಡದಲ್ಲಿ ಸ್ಲಿಪ್ ರಿಂಗ್.

ನಮಗೆ ಅತಿ ಚಂದ ಕಾಣುವುದು ಎತ್ತರದ ಏರ್ಪಾಡು. ಆಲ್ಟಿಮೀಟರ್ ಅಂದರೆ ಗಾಳಿಯ ಒತ್ತಡ ಅಳೆಯುವ ಡಬ್ಬಿ, ಒತ್ತಡ ಕಡಿಮೆಯಾದಷ್ಟೂ ಎತ್ತರ ಹೆಚ್ಚು ಎಂದು ತೋರಿಸುತ್ತದೆ. ಹಾಗಾದರೆ ಅದಕ್ಕೊಂದು ಮುಚ್ಚಿದ ತೊಟ್ಟಿ ಜೋಡಿಸಿ ಗಾಳಿ ಹೀರಿದರಾಯಿತು. ಥ್ರಾಟಲ್ ಮುಂದೆ, ಮೂತಿ ಮೇಲೆ: ಕವಾಟ ತೊಟ್ಟಿಯಿಂದ ಗಾಳಿ ಎಳೆಯುತ್ತದೆ, ಮುಳ್ಳು ಏರುತ್ತದೆ. ಮೂತಿ ಕೆಳಗೆ: ಗಾಳಿ ಒಳಬರುತ್ತದೆ, ಮುಳ್ಳು ಇಳಿಯುತ್ತದೆ. ಬಿಂಗಮ್‌ಟನ್‌ನ ನೆಲಮಾಳಿಗೆಯಲ್ಲಿ ಕೂತೇ ಮುಳ್ಳಿನ ಮಟ್ಟಿಗೆ ಆಕಾಶ ಮುಟ್ಟಬಹುದು.

ದಿಕ್ಸೂಚಿಯಲ್ಲಿ ಒಂದು ಮೋಜಿನ ತೊಡಕು ಬಂತು. ನಿಜ ವಿಮಾನ ವಾಲಿ ತಿರುಗುವಾಗ ದಿಕ್ಸೂಚಿಯ ಚಕ್ರವೂ ಜೊತೆಗೆ ವಾಲುತ್ತದೆ, ಭೂಕಾಂತ ಅದನ್ನು ಓರೆಯಾಗಿ ಎಳೆದು ತಪ್ಪು ತೋರಿಸುತ್ತದೆ. ನೆಲದ ಪೆಟ್ಟಿಗೆಯಲ್ಲಿ ಚಕ್ರ ಮಟ್ಟವಾಗಿಯೇ ನಿಲ್ಲುವುದರಿಂದ ಆ ತಪ್ಪು ಬರುವುದೇ ಇಲ್ಲ! ಸರಿಯಾಗಿ ತೋರಿಸುವ ದಿಕ್ಸೂಚಿ ಇಲ್ಲಿ ಪಾಠ ಕೆಡಿಸುತ್ತದೆ. ಹಾಗಾಗಿ ಸೂಜಿಯನ್ನು ಬೇಕೆಂದೇ ದಾರಿ ತಪ್ಪಿಸುವ ಸಾಧನವೊಂದನ್ನು ಸೇರಿಸಬೇಕಾಯಿತು.

ಕೆಡುವುದು ಎಲ್ಲಿ? ಬಹುಪಾಲು ಬಟ್ಟೆ ಮತ್ತು ಕೊಳವೆಗಳಲ್ಲಿ. ರಬ್ಬರ್ ಬಟ್ಟೆ ಒಣಗಿ ಮಡಿಕೆಯಲ್ಲಿ ಬಿರುಕು ಬಿಟ್ಟರೆ ಆ ಕಡೆಯ ಹೀರಿಕೆ ಸೋರುತ್ತದೆ. ಸ್ಟಿಕ್ ನಡುವಿದ್ದರೂ ಒಡಲು ಎದುರು ಕಡೆಗೆ ವಾಲಿಕೊಂಡೇ ಇರುತ್ತದೆ. ಎತ್ತರದ ತೊಟ್ಟಿಯ ಕೊಳವೆ ಕೂದಲೆಳೆಯಷ್ಟು ಸಡಿಲವಾದರೂ ಹೊರಗಾಳಿ ಒಳನುಗ್ಗಿ, ಶಿಷ್ಯ ಎಷ್ಟು ನೆಟ್ಟಗೆ ಹಾರಿದರೂ ಎತ್ತರ ಇಳಿಯುತ್ತಲೇ ಹೋಗುತ್ತದೆ. ಅವನು ಅದನ್ನು ಸರಿಮಾಡಲು ಮೂತಿ ಎತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ಕೆಟ್ಟ ಯಂತ್ರ ಕಲಿಸದೆ ಬಿಡುವುದಿಲ್ಲ, ತಪ್ಪನ್ನು ಕಲಿಸುತ್ತದೆ. ಪರೀಕ್ಷೆ ಸುಲಭ: ಸ್ವಲ್ಪ ಎತ್ತರಕ್ಕೆ ಏರಿಸಿ, ಕವಾಟ ಮುಚ್ಚಿಟ್ಟು, ಮುಳ್ಳು ನಿಲ್ಲುತ್ತದೆಯೇ ನೋಡುವುದು. ಕೀರಲು ಕೇಳಿಸಿತೆಂದು ಎಣ್ಣೆ ಹಾಕುವುದು ಇನ್ನೊಂದು ಅನಾಹುತ. ಎಣ್ಣೆ ರಬ್ಬರನ್ನು ತಿನ್ನುತ್ತದೆ, ಕವಾಟದಲ್ಲಿ ಧೂಳು ಕಟ್ಟಿಸುತ್ತದೆ.

ಏಡಿ ಬರೆದ ಗೆರೆ

ಪೆಟ್ಟಿಗೆಯಷ್ಟೇ ಮುಖ್ಯವಾದದ್ದು ಪಕ್ಕದ ಮೇಜು. ಅಲ್ಲಿ ಶಿಕ್ಷಕ, ಅವನೆದುರು ಶಿಷ್ಯ ನೋಡುವ ಮುಖ್ಯ ಮೀಟರ್‌ಗಳ ಪಡಿಯಚ್ಚು. ಗಾಜಿನಡಿ ನಕ್ಷೆ. ಗಾಜಿನ ಮೇಲೆ ಮೂರು ಚಕ್ರದ ಪುಟ್ಟ ಗಾಡಿ, ‘ಏಡಿ’ ಎಂದೇ ಅದರ ಅಡ್ಡಹೆಸರು. ಪೆಟ್ಟಿಗೆ ತಿರುಗಿದರೆ ಏಡಿಯೂ ತಿರುಗುತ್ತದೆ, ಮಸಿಯಲ್ಲಿ ದಾರಿ ಬರೆಯುತ್ತ ತೆವಳುತ್ತದೆ. ಶಿಕ್ಷಕ ಗಾಳಿಯ ದಿಕ್ಕು ವೇಗ ಸೇರಿಸಿದರೆ ಏಡಿ ಅಷ್ಟೇ ಓರೆಯಾಗಿ ಸರಿಯುತ್ತದೆ.

ಪಾಠದ ಮೊದಲ ಹಂತ ನೆಟ್ಟಗೆ ಹಾರುವುದು. ಆಗ ಪ್ರಚಲಿತವಿದ್ದ ಕ್ರಮ ಒಂದು-ಎರಡು-ಮೂರು ಎಂದು: ಮೊದಲು ಪೆಡಲ್‌ನಿಂದ ತಿರುವಿನ ಮುಳ್ಳನ್ನು ನಡುವಿಗೆ ತರು, ಆಮೇಲೆ ಸ್ಟಿಕ್ ಅಡ್ಡಕ್ಕೆ ಸರಿಸಿ ಅದೇ ಮೀಟರ್‌ನ ಬಾಗಿದ ಕೊಳವೆಯಲ್ಲಿ ಜಾರುವ ಗುಂಡನ್ನು ನಡುವಿಗೆ ತರು, ಕೊನೆಗೆ ಸ್ಟಿಕ್ ಹಿಂದೆಮುಂದೆ ಮಾಡಿ ವೇಗ ಸರಿಪಡಿಸು. ಕ್ರಮ ತಪ್ಪಿ ಮೂರನೆಯದನ್ನು ಮೊದಲು ಮಾಡಿದವನು ಮೇಲೆ ಹೇಳಿದಂತೆ ತಿರುವು ಬಿಗಿಯಾಗುತ್ತ ಎತ್ತರ ಕರಗುವ ಸುರುಳಿಗೆ ಬೀಳುತ್ತಾನೆ. ಪೆಟ್ಟಿಗೆಯಲ್ಲಾದರೆ ಮುಚ್ಚಳ ತೆಗೆದು ಮತ್ತೆ ಶುರು. ಆಮೇಲೆ ಸೆಕೆಂಡಿಗೆ 3 ಡಿಗ್ರಿಯ ತಿರುವು, ಪೂರ್ತಿ ಸುತ್ತಿಗೆ ಎರಡು ನಿಮಿಷ. ತಿರುವು ನಿಲ್ಲಿಸಿದ ಕ್ಷಣ ಬೆವರುವ ಕ್ಷಣ: ಎದುರು ದಿಕ್ಕಿಗೆ ಸುತ್ತುತ್ತಿದ್ದೇನೆ ಎಂದು ಕಿವಿ ಕೂಗುತ್ತದೆ, ಮುಳ್ಳು ನಡುವಿನಲ್ಲಿ ಅಲ್ಲಾಡದೆ ನಿಂತಿದೆ. ಇಡೀ ಯಂತ್ರ ಇರುವುದೇ ಆ ಹತ್ತು ಸೆಕೆಂಡಿಗಾಗಿ.

ನಂತರದ ಹಂತ ರೇಡಿಯೋ ದಾರಿ. ಆ ಕಾಲದ ರೇಡಿಯೋ ನಿಲ್ದಾಣ ಸುತ್ತಲಿನ ಆಕಾಶವನ್ನು ನಾಲ್ಕು ಭಾಗ ಮಾಡುತ್ತಿತ್ತು. ಎದುರುಬದುರಿನ ಎರಡು ಭಾಗದಲ್ಲಿ ಮೋರ್ಸ್‌ನ ‘ಎ’, ಅಂದರೆ ಚುಕ್ಕೆ-ಗೆರೆ. ಉಳಿದೆರಡರಲ್ಲಿ ‘ಎನ್’, ಗೆರೆ-ಚುಕ್ಕೆ. ಎರಡೂ ಕೂಡುವ ಗಡಿಯಲ್ಲಿ ಒಂದರ ಖಾಲಿ ಜಾಗವನ್ನು ಇನ್ನೊಂದು ತುಂಬಿ ಎಡೆಬಿಡದ ಒಂದೇ ಸ್ವರ, ಅದೇ ದಾರಿ. ನಿಲ್ದಾಣದ ನೆತ್ತಿಯ ಮೇಲೆ ನಿಶ್ಶಬ್ದ. ‘ಎನ್’ ಕೇಳುತ್ತಿದೆ ಎಂದರೆ ಎರಡು ಭಾಗಗಳಲ್ಲಿ ಯಾವುದು? ಆ ಎರಡನ್ನೂ ನಡುವೆ ಸೀಳುವ ದಿಕ್ಕಿಗೆ ಹಾರು, ಸದ್ದು ಏರಿದರೆ ನಿಲ್ದಾಣದತ್ತ ಹೋಗುತ್ತಿದ್ದೀಯ, ಕುಗ್ಗಿದರೆ ದೂರ. ಪೆಟ್ಟಿಗೆಯಲ್ಲಿ ಈ ಸದ್ದನ್ನು ಏಡಿ ಇರುವ ಜಾಗ ನೋಡಿಕೊಂಡು ಏರಿಸಿ ಇಳಿಸುವವನು ಶಿಕ್ಷಕ. ಶಿಕ್ಷಕ ಮೈಮರೆತರೆ ಶಿಷ್ಯ ಸರಿಯಾಗಿ ಯೋಚಿಸಿಯೂ ದಾರಿ ತಪ್ಪುತ್ತಿದ್ದ.

ಗಂಟೆ ಮುಗಿದ ಮೇಲೆ ಮುಚ್ಚಳ ತೆಗೆದು ಶಿಷ್ಯನಿಗೆ ಮಸಿಯ ಗೆರೆ ತೋರಿಸಿದರೆ ವಾದಕ್ಕೆ ಎಡೆಯಿಲ್ಲ. ನೆಟ್ಟಗೆ ಹೋದೆ ಎಂದುಕೊಂಡವನ ಗೆರೆ ಕುಡಗೋಲಿನಂತೆ ಬಾಗಿರುತ್ತದೆ.

ನ್ಯೂವಾರ್ಕ್

ಅಂಚೆಯ ಗಲಾಟೆಯ ನಡುವೆ ಸೇನೆಯ ಅಧಿಕಾರಿಗಳು ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್‌ನಲ್ಲಿ ಲಿಂಕ್‌ರನ್ನು ಕಾಯುತ್ತಿದ್ದರು. ಅಂದು ಮಂಜು ಕವಿದಿತ್ತು. ಈ ಹವೆಯಲ್ಲಿ ಯಾರು ಬರುತ್ತಾರೆ ಎಂದು ಹೊರಡುವುದರಲ್ಲಿದ್ದಾಗ ಲಿಂಕ್ ಬಿಂಗಮ್‌ಟನ್‌ನಿಂದ ಮೀಟರ್ ನೋಡಿಕೊಂಡೇ ಹಾರಿ ಬಂದು ಇಳಿದರು. ಪೆಟ್ಟಿಗೆಯ ಯಾವ ವಿವರಣೆಯೂ ಅಷ್ಟು ಕೆಲಸ ಮಾಡುತ್ತಿರಲಿಲ್ಲ. ಸೇನೆ ಆರು ಯಂತ್ರ ಕೊಂಡಿತು, ಒಂದಕ್ಕೆ 3,500 ಡಾಲರ್.

ಕತೆ ಹೇಳುವವರು ಇಲ್ಲಿ ಒಂದು ಹೆಜ್ಜೆ ಜಾರುತ್ತಾರೆ. ಲಿಂಕ್ ಟ್ರೈನರ್ ಬಂದು ಅಂಚೆ ಪೈಲಟ್‌ಗಳ ಜೀವ ಉಳಿಸಿತು ಎಂಬ ಧಾಟಿ. ಆರು ಯಂತ್ರಗಳು ಸೇನೆಗೆ ತಲುಪಿದ್ದು 1934ರ ಜೂನ್ 23ರಂದು. ಸೇನೆಯ ಅಂಚೆ ಹಾರಾಟ ಜೂನ್ 1ಕ್ಕೇ ಮುಗಿದಿತ್ತು. ಆ ಚಳಿಗಾಲದಲ್ಲಿ ಒಬ್ಬನನ್ನೂ ಅದು ಉಳಿಸಲಿಲ್ಲ, ಉಳಿಸುವಂತೆಯೂ ಇರಲಿಲ್ಲ. ಅದರ ಕೆಲಸ ಕಂಡದ್ದು ಮುಂದೆ. ಅದೇ ಜುಲೈನಲ್ಲಿ ವಾಯುದಳದ ಸ್ಥಿತಿ ಪರಿಶೀಲಿಸಿದ ನ್ಯೂಟನ್ ಬೇಕರ್ ಸಮಿತಿ ರಾತ್ರಿ ಮತ್ತು ಮೀಟರ್ ಹಾರಾಟದ ತರಬೇತಿ ಹೆಚ್ಚಿಸಲು ಹೇಳಿತು. ಎರಡನೇ ಮಹಾಯುದ್ಧದ ಹೊತ್ತಿಗೆ ನೀಲಿ ಒಡಲು, ಹಳದಿ ರೆಕ್ಕೆಯ ಎಎನ್‌ಟಿ-18 ಮಾದರಿ ಬಂದಿತ್ತು. ವೇಗ ಕುಂದಿದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು (ಸ್ಟಾಲ್ ಆಗಿ) ಸುತ್ತುತ್ತ ಬೀಳುವುದನ್ನೂ ಅದು ಅನುಕರಿಸುತ್ತಿತ್ತು. ಸುಮಾರು 10,000 ಯಂತ್ರಗಳು, ಅವುಗಳಲ್ಲಿ ಕಲಿತವರು ಅಮೆರಿಕದಲ್ಲೇ 5 ಲಕ್ಷಕ್ಕೂ ಹೆಚ್ಚು. ಇದಕ್ಕೂ ಮೊದಲು, 1935ರಲ್ಲೇ, ಜಪಾನಿನ ನೌಕಾದಳಕ್ಕೂ ಯಂತ್ರಗಳು ಮಾರಾಟವಾಗಿದ್ದವು. ವ್ಯಾಪಾರಕ್ಕೆ ಆಗ ಯುದ್ಧದ ಸುಳಿವಿರಲಿಲ್ಲ.

ಯಂತ್ರದ ಸುಳ್ಳು

ಚಲನೆಯ ಅನುಕರಣೆ ಎಂದು ನೋಡಿದರೆ ಲಿಂಕ್ ಟ್ರೈನರ್ ಒಂದು ಮುಖ್ಯ ವಿಷಯದಲ್ಲಿ ತಪ್ಪಾಗಿತ್ತು. ನಿಜ ವಿಮಾನ ಹದವಾಗಿ ವಾಲಿ ತಿರುಗುವಾಗ ಕೂತವನ ಭಾರ ಸೀಟಿನ ಕಡೆಗೇ ಬೀಳುತ್ತದೆ. ತುಂಬಿದ ಲೋಟದ ನೀರೂ ಚೆಲ್ಲುವುದಿಲ್ಲ. ನೆಲದ ಪೆಟ್ಟಿಗೆ ವಾಲಿದರೆ ದೇಹ ಪಕ್ಕಕ್ಕೆ ಜಾರುತ್ತದೆ, ಲೋಟ ಚೆಲ್ಲುತ್ತದೆ. ಪೆಟ್ಟಿಗೆಯ ಶಿಷ್ಯನಿಗೆ ವಾಲಿಕೆ ಸೊಂಟದಲ್ಲಿ ಗೊತ್ತಾಗುತ್ತದೆ, ಮೋಡದೊಳಗಿನ ಪೈಲಟ್‌ಗೆ ಗೊತ್ತಾಗುವುದಿಲ್ಲ.

ಬೇರೆ ಪಾಠಕ್ಕಾದರೆ ಇದು ಕೊಲೆಗಡುಕ ದೋಷ. ಇಲ್ಲಿ ಅಷ್ಟು ಕಾಡಲಿಲ್ಲ, ಏಕೆಂದರೆ ಸೊಂಟ ಹೇಳಿದ್ದನ್ನು ಕೇಳಬೇಡ ಎಂಬುದೇ ಪಾಠ. ಪೆಟ್ಟಿಗೆ ಸುತ್ತ ತಿರುಗುವುದು ಮಾತ್ರ ಅಸಲಿ, ಅದು ಕಿವಿಯ ದ್ರವವನ್ನು ನಿಜವಾಗಿಯೂ ಓಡಿಸುತ್ತಿತ್ತು. ಪಾರ್ಕಿನ ಆಟವಾಗಿದ್ದಾಗ ಕೊರತೆಯಾಗಿದ್ದ ಅಂಶ ಮುಚ್ಚಳ ಹಾಕಿದ ಮೇಲೆ ಬಹುಮಟ್ಟಿಗೆ ಗೌಣವಾಯಿತು. ಇಳಿಯುವುದನ್ನು ಕಲಿಸಲು ಹೋದವರಿಗೆ ಇನ್ನೊಂದು ಕೊರತೆ ಎದುರಾಗುತ್ತಿತ್ತು: ಹೊರಗೆ ನೋಡಲು ಏನೂ ಇಲ್ಲ, ನೆಲ ಹತ್ತಿರ ಬರುವುದಿಲ್ಲ.

ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ವಾಯುಪಡೆಯ ಪೈಲಟ್‌ಗಳಿಗೆ ದಿಕ್ಕುಗೆಡುವುದನ್ನು ಅನುಭವಿಸಿ ತೋರಿಸುವ ಯಂತ್ರಗಳು ಈಗ ಕಂಪ್ಯೂಟರಿನಿಂದ ನಡೆಯುತ್ತವೆ. ಕಿವಿಯ ನಾಳ ಮಾತ್ರ ಆಕರ್ ಕೂತ ಕುರ್ಚಿಯ ಕಾಲದ್ದೇ. ತಿರುಗಿಸು, ಇಪ್ಪತ್ತು ಸೆಕೆಂಡು ಕಾಯು, ನಿಲ್ಲಿಸು, ಯಾವ ಕಡೆ ತಿರುಗುತ್ತಿದ್ದೀಯ ಎಂದು ಕೇಳು. ತಪ್ಪು ಉತ್ತರ ಬರುತ್ತದೆ.